ಮುಂಜಾನೆ ಏಳದ ಪದ್ಮಿನಿ

ಯಾದಗಿರಿ
೧೧ ನವೆಂಬರ್ ೨೦೨೪

ಗಯಾಸ ಮೇಸ್ತ್ರಿಯವರಿಗೆ,

ನಾನು ಬೀಜದಂಗಡಿ ಜಗದೇವಪ್ಪನವರ ಮಗಳು ಗುರುದೇವಿ. ನಿಮ್ಮ ಹಳೆಯ ನಂಬರಿಗೆ ಫೋನ್ ಮಾಡಿದರೆ ಯಾರೋ ಹೆಂಗಸು ಎತ್ತಿ ಬೈದಳು. ಸುರಪುರದ ಈ ವಿಳಾಸವನ್ನು ಟೈರಿನ ಅಂಗಡಿ ಖಾಜಾಹುಸೇನರ ಹತ್ತಿರ ಕೇಳಿ ಪಡೆದೆ. ಕೊಡಲು ಅವರಿಗೆ ಮನಸ್ಸಿರಲಿಲ್ಲ. ಮೂರು ಸಲ ಹೋದ ಮೇಲೆ ಒಂದು ಹಳೆಯ ಬಿಲ್ಲಿನ ಹಿಂದೆ ಬರೆದು ಕೊಟ್ಟರು.

ವಿಷಯ ಇಷ್ಟೇ. ಅಪ್ಪನ ಪದ್ಮಿನಿ ಕಾರು ಎರಡು ವರ್ಷದಿಂದ ಶೆಡ್ಡಿನಲ್ಲಿ ನಿಂತಿತ್ತು. ಅಪ್ಪ ಹೋದ ದಿನದಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಈಗ ಅವ್ವ ಹಠ ಹಿಡಿದಿದ್ದಾಳೆ. "ಶಿವರಾತ್ರಿಗೆ ನಿಮ್ಮಪ್ಪನ ಗಾಡ್ಯಾಗ ಒಮ್ಮಿ ಅಬ್ಬೆತುಮಕೂರಿಗೆ ಹೋಗಿ ಬರ್ತೀನಿ. ಆಮ್ಯಾಲ ಯಾರಿಗರ ಕೊಟ್ಟು ಕೈ ತೊಳಕೋ" ಎನ್ನುತ್ತಾಳೆ. ಅವಳ ಮಠದ ಪ್ರಯಾಣ ಯಾವಾಗಲೂ ಹೊತ್ತು ಮೂಡುವ ಮೊದಲೇ, ನಿಮಗೂ ಗೊತ್ತಿರಬೇಕು.

ಕಾಂತೇಶ ಎಂಬ ಹೊಸ ಮೇಸ್ತ್ರಿ ಬಂದು ಹೊಸ ಬ್ಯಾಟರಿ ಹಾಕಿದ, ಟ್ಯಾಂಕು ತೊಳೆದು ಹೊಸ ಪೆಟ್ರೋಲು ತುಂಬಿಸಿದ, ಪ್ಲಗ್ಗುಗಳನ್ನು ಬದಲಿಸಿದ. ಮಧ್ಯಾಹ್ನದ ಬಿಸಿಲಿನಲ್ಲಿ ಹತ್ತು ಸಲ ಕೀಲಿ ತಿರುಗಿಸಿದರೆ ಗಾಡಿ ಏಳುತ್ತದೆ. ಮುಂಜಾನೆ ಏನು ಮಾಡಿದರೂ ಏಳುವುದಿಲ್ಲ. ಕಾರ್ಬ್ಯುರೇಟರ್ ನೋಡಪ್ಪ ಎಂದರೆ ಕಾಂತೇಶ ಕೈಮುಗಿದ. "ಅಕ್ಕಾರ, ಇದಕ್ಕ ಕಂಪ್ಯೂಟರ್ ಎಲ್ಲಿ ಹಚ್ಚಬೇಕು ಅಂತನೇ ತಿಳೀವಲ್ದು" ಎಂದು ಹೊರಟುಹೋದ.

ಅದಕ್ಕೆ ಕೊನೆಯದಾಗಿ ಕೈ ಹಾಕಿದವರು ನೀವು. ಆ ಕಾರಣಕ್ಕಷ್ಟೇ ಬರೆಯುತ್ತಿದ್ದೇನೆ. ಏನನ್ನು ಹೇಗೆ ನೋಡಬೇಕು ಎಂದು ಬರೆದು ಕಳಿಸಿ, ನಾನೇ ನೋಡುತ್ತೇನೆ. ನೀವು ಬರಬೇಕಾಗಿಲ್ಲ.

ಗುರುದೇವಿ


ಸುರಪುರ
೨೦ ನವೆಂಬರ್ ೨೦೨೪

ಟೀಚರ್ ಅವರಿಗೆ ಗಯಾಸನ ಸಲಾಂ.

ಪತ್ರ ಮುಟ್ಟಿತು. ಬರಬೇಕಾಗಿಲ್ಲ ಅಂತ ಬರದೀರಿ. ನಾನೂ ಬರೂದಿಲ್ಲ. ಫೋನೂ ಬ್ಯಾಡ, ಹೊಸ ನಂಬರ್ ಯಾರಿಗೂ ಕೊಡೂದಿಲ್ಲ. ಹಿಂಗ ಕಾಗದ ಬರೀರಿ, ಅವಸರ ಇರಂಗಿಲ್ಲ.

ಬಿಸಿಲಾಗ ಏಳ್ತದ ಅಂದ್ರ ಗಾಡಿ ಸತ್ತಿಲ್ಲ. ಅದಕ್ಕ ಥಂಡಿ ತಡಿಯಾಂಗಿಲ್ಲ, ಅಷ್ಟೇ. ಎದ್ದ ಮ್ಯಾಲ ಸರಳ ಓಡ್ತದೋ, ಕೆಮ್ಮತದೋ, ಅದನ್ನ ಬರೀರಿ. ಕೆಮ್ಮಿದ್ರ ಒಳಗ ಕಸ ಅದ. ಸರಳ ಓಡಿದ್ರ ಕಸ ಇಲ್ಲ.

ಮೊದಲ ಕಿಡಿ ನೋಡ್ರಿ. ಒಂದು ಪ್ಲಗ್ ಬಿಚ್ಚಿ, ವೈರಿಗೆ ಸಿಗಿಸಿ, ಅದರ ಕಬ್ಬಿಣ ಎಂಜಿನ್ನಿಗೆ ತಾಗಿಸಿ ಇಡ್ರಿ. ಕೈಲೆ ಹಿಡಿಬ್ಯಾಡ್ರಿ, ಹೊಡೀತದ. ಒಬ್ಬರು ಕೀಲಿ ತಿರುಗಿಸಬೇಕು. ನೀಲಿ ಕಿಡಿ ಬಂದ್ರ ಚಲೋ, ಕೆಂಪ ಬಂದ್ರ ಕರೆಂಟಿನ ದೋಷ.

ಆಮ್ಯಾಲ ಪೆಟ್ರೋಲು. ಪ್ಲಗ್ ಮೊದಲಿನಂಗ ಕೂಡಿಸ್ರಿ, ಅದರ ವೈರ್ ಮಾತ್ರ ಈಗ ಸಿಗಿಸಬ್ಯಾಡ್ರಿ. ಕಾರ್ಬ್ಯುರೇಟರಿಗೆ ಹೋಗೂ ಪೈಪ್ ತೆಗೆದು ಬಾಟ್ಲಿಯೊಳಗ ಇಟ್ಟು, ಪಂಪಿನ ಕೆಳಗಿನ ಸಣ್ಣ ಕಡ್ಡಿ ಕೈಲೆ ಒತ್ತರಿ. ಚಿಳ್ ಅಂತ ಚಿಮ್ಮಬೇಕು. ಬೀಡಿ ಸೇದೂ ಮಂದೀನ ದೂರ ಇಡ್ರಿ.

ಏಳಲಿಲ್ಲ ಅಂತ ಕೀಲಿ ಮ್ಯಾಲ ಸಿಟ್ಟು ತೆಗಿಬ್ಯಾಡ್ರಿ. ಐದು ಸೆಕೆಂಡ್ ತಿರುಗಿಸಿ ಬಿಡ್ರಿ. ಅದು ನಿಮ್ಮ ಸಾಲಿ ಹುಡುಗ ಅಲ್ಲ.

ಗಯಾಸ


ಯಾದಗಿರಿ
೧ ಡಿಸೆಂಬರ್ ೨೦೨೪

ಮೇಸ್ತ್ರಿಯವರಿಗೆ,

ಇವತ್ತು ಭಾನುವಾರ, ಬಳಿಚಕ್ರದ ಶಾಲೆಗೆ ರಜೆ. ನೀವು ಬರೆದ ಹಾಗೆಯೇ ಮಾಡಿದೆ. ಕಿಡಿ ನೀಲಿ. ಪೆಟ್ರೋಲು ಚಿಮ್ಮಿ ನನ್ನ ಸೀರೆಗೇ ಬಂತು. ಎದ್ದ ಮೇಲೆ ಗಾಡಿ ಎಲ್ಲೂ ಕೆಮ್ಮುವುದಿಲ್ಲ, ಅಪ್ಪ ಓಡಿಸುವಾಗ ಇದ್ದ ಹಾಗೆಯೇ ಓಡುತ್ತದೆ.

ಕೀಲಿ ತಿರುಗಿಸಲು ಅವ್ವನನ್ನೇ ಕೂರಿಸಿದ್ದೆ. "ಇದನ್ನೆಲ್ಲಾ ಯಾರು ಕಲಿಸ್ಯಾರ ನಿನಗ?" ಎಂದು ಕೇಳಿದಳು. ಮೊಬೈಲಿನಲ್ಲಿ ನೋಡಿದೆ ಎಂದೆ. ನಿಮ್ಮ ಹೆಸರು ಹೇಳುವಂಥ ಮನೆಯಲ್ಲ ಇದು. ಅದೂ ನಿಮಗೆ ಗೊತ್ತು.

ಇನ್ನೇನು ನೋಡಬೇಕು?

ಗುರುದೇವಿ


ಸುರಪುರ
೯ ಡಿಸೆಂಬರ್ ೨೦೨೪

ಟೀಚರ್ ಅವರಿಗೆ ಸಲಾಂ.

ಶಾಬಾಸ್. ನಿಮ್ಮ ಕಾಂತೇಶನಕಿಂತ ನೀವು ವಾಸಿ.

ಕಿಡಿ ಅದ, ಪೆಟ್ರೋಲು ಅದ, ಕಸ ಇಲ್ಲ. ಉಳದದ್ದು ಚೋಕು. ಥಂಡಿ ಎಂಜಿನ್ನಿಗೆ ಮುಂಜಾನಿ ಪೆಟ್ರೋಲು ಜಾಸ್ತಿ ಬೇಕು. ಅದನ್ನ ಕೊಡೂದು ಚೋಕಿನ ಕೆಲಸ. ಒಳಗಿನ ಗುಂಡಿ ಎಳದ್ರ ಒಂದು ತಂತಿ ಹೋಗಿ ಕಾರ್ಬ್ಯುರೇಟರಿನ ಬಾಜೂಕ ಇರೂ ಸಣ್ಣ ಕಡ್ಡಿ ತಿರುಗಿಸ್ತದ. ಬಿಸಿಲಾಗ ಅದರ ಗರಜ ಇಲ್ಲ, ಅದಕ್ಕ ಮಧ್ಯಾಹ್ನ ಗಾಡಿ ಏಳ್ತದ.

ನಾಳಿ ಮುಂಜಾನಿ ಗುಂಡಿ ಪೂರಾ ಎಳದು, ಮೂರು ಸಲ ಕೀಲಿ ತಿರುಗಿಸ್ರಿ. ಆಮ್ಯಾಲ ಪ್ಲಗ್ ಬಿಚ್ಚಿ ನೋಡ್ರಿ, ಹಸಿ ಅದನೋ ಒಣಗ್ಯಾದೋ. ಒಣಗಿದ್ರ ಚೋಕಿನ ದೋಷ. ಗುಂಡಿ ಎಳಿಯೂವಾಗ ಕೈಗೆ ಹ್ಯಾಂಗ ಅನಸ್ತದ, ಬಿಗಿಯೋ ಸಡಿಲೋ, ಅದನ್ನೂ ಬರೀರಿ. ಸದ್ಯ ಒಳಗ ಕೈ ಹಾಕೂದು ಬ್ಯಾಡ.

ಗಾಡಿ ಬಿಸಿ ಇದ್ದಾಗ ಪ್ಲಗ್ ಮುಟ್ಟಬ್ಯಾಡ್ರಿ. ಸಣ್ಣಾಕಿದ್ದಾಗ ಒಮ್ಮಿ ಸೈಲೆನ್ಸರಿಗೆ ಕೈ ಹಚ್ಚಿ, ನನ್ನ ಗ್ಯಾರೇಜ್ ತುಂಬ ಅತ್ತಿದ್ರಿ. ನಿಮ್ಮಪ್ಪ ಸಾವಕಾರ್ರು ನನಗ ಬೈಲಿಲ್ಲ, ಗಾಡಿಗೆ ಬೈದ್ರು.

ಗಯಾಸ


ಯಾದಗಿರಿ
೧೬ ಡಿಸೆಂಬರ್ ೨೦೨೪

ಮೇಸ್ತ್ರಿಯವರಿಗೆ,

ಪ್ಲಗ್ಗು ನಾಲ್ಕೂ ಒಣಗಿವೆ. ಪೆಟ್ರೋಲಿನ ವಾಸನೆಯೂ ಇಲ್ಲ. ಗುಂಡಿ ಸಡಿಲವಾಗಿ ಬರುತ್ತದೆ, ಯಾವುದಕ್ಕೂ ಸಿಕ್ಕಿಯೇ ಇಲ್ಲ ಅನ್ನುವ ಹಾಗೆ. ಹಿಂದೆ ಹೀಗಿರಲಿಲ್ಲ, ಎಳೆದರೆ ಸ್ವಲ್ಪ ಎದುರಿಸುತ್ತಿತ್ತು.

ಮುಂದೇನು? ಬೇಗ ಬರೆಯಿರಿ. ಅವ್ವ ದಿನಕ್ಕೆರಡು ಸಲ ಶೆಡ್ಡಿನ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ.

ಗುರುದೇವಿ


ಯಾದಗಿರಿ
೧೯ ಜನವರಿ ೨೦೨೫

ಮೇಸ್ತ್ರಿಯವರಿಗೆ,

ಒಂದು ತಿಂಗಳ ಮೇಲಾಯಿತು, ನಿಮ್ಮಿಂದ ಒಂದು ಅಕ್ಷರವಿಲ್ಲ. ಹತ್ತು ದಿನಕ್ಕೊಮ್ಮೆ ತಪ್ಪದೆ ಬರೆಯುತ್ತಿದ್ದವರು ಚೋಕಿನ ಮಾತು ಬಂದ ಕೂಡಲೇ ಬಾಯಿಗೆ ಬೀಗ ಹಾಕಿಕೊಂಡಿರಿ. ನಾನೂ ಮಕ್ಕಳಿಗೆ ಪಾಠ ಹೇಳುವವಳು. ಉತ್ತರ ಗೊತ್ತಿದ್ದೂ ತಲೆ ತಗ್ಗಿಸಿ ಕೂರುವವರ ಮುಖ ನನಗೆ ಗೊತ್ತಾಗುತ್ತದೆ.

ನೀವು ಮರೆತಿದ್ದರೆ ನಾನೇ ನೆನಪಿಸುತ್ತೇನೆ. ಎರಡು ವರ್ಷದ ಹಿಂದಿನ ದಸರೆ. ಹಬ್ಬಕ್ಕೆಂದು ನೀವು ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಕೂಡಿಸಿದಿರಿ. ಆಯುಧ ಪೂಜೆಯ ಮರುದಿನ ಮುಂಜಾನೆ ಐದು ಗಂಟೆಗೆ ಅಪ್ಪ ಎದೆ ಹಿಡಿದುಕೊಂಡು ಕುಳಿತರು. ಕೀಲಿ ತಿರುಗಿಸಿದವಳು ನಾನು. ಚೋಕ್ ಎಳೆದೆ, ತಿರುಗಿಸಿದೆ, ಬ್ಯಾಟರಿ ಸಾಯುವ ತನಕ ತಿರುಗಿಸಿದೆ. ಹಿಂದಿನ ಸೀಟಿನಲ್ಲಿ ಅಪ್ಪ ಅವ್ವನ ಭುಜಕ್ಕೆ ಒರಗಿ, "ಅವಸರ ಮಾಡಬ್ಯಾಡವ್ವಾ, ಏಳ್ತದ. ಗಯಾಸ ಮೊನ್ನೆನೇ ನೋಡ್ಯಾನ" ಎನ್ನುತ್ತಿದ್ದರು. ಹಬ್ಬದ ಬೆಳಗು, ಬೇರೆ ಗಾಡಿ ಸಿಗಲು ಮುಕ್ಕಾಲು ಗಂಟೆ ಬೇಕಾಯಿತು. ಆಸ್ಪತ್ರೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನೀವು ಮಣ್ಣಿಗೆ ಬಂದಾಗ ಅವ್ವ ನಿಮ್ಮನ್ನು ಅಂಗಳದಲ್ಲೇ ತಡೆದಳು. ನೆರೆದ ಮಂದಿಯ ಮುಂದೆ ನಾನು ಕೂಗಿದೆ: "ಇವನ ಕೈಯಾಗ ಇನ್ನ ಯಾರೂ ಗಾಡಿ ಕೊಡಬ್ಯಾಡ್ರಿ, ಇವ ಜೀವ ತೆಗಿತಾನ." ಆರು ತಿಂಗಳಲ್ಲಿ ನಿಮ್ಮ ಗ್ಯಾರೇಜ್ ಮುಚ್ಚಿತು. ಆ ಮಾತು ಹೆಚ್ಚಾಯಿತೇನೋ ಎಂದು ಆಗಾಗ ಅನ್ನಿಸುತ್ತಿತ್ತು. ನಿಮ್ಮ ಮೌನ ನೋಡಿದರೆ ಹೆಚ್ಚಾಗಿರಲಿಲ್ಲ ಅನ್ನಿಸುತ್ತದೆ. ಚೋಕಿನ ತಂತಿ ಸಿಗಿಸುವುದನ್ನು ಮರೆತಿದ್ದಿರಿ, ಹೌದೋ ಅಲ್ಲವೋ? ಅಷ್ಟನ್ನಾದರೂ ಬರೆಯಿರಿ.

ಗುರುದೇವಿ


ಸುರಪುರ
೨೭ ಜನವರಿ ೨೦೨೫

ಟೀಚರ್ ಅವರಿಗೆ,

ಹೌದ್ರಿ. ಮರೆತಿದ್ದೆ. ತಪ್ಪು ನಂದೇ. ಅವ್ವಾರಿಗೆ ಹೇಳ್ರಿ, ಗಯಾಸ ಒಪ್ಪಿಕೊಂಡಾನ ಅಂತ.

ಒಂದು ಮಾತು ಕೇಳ್ರಿ. ಇನ್ನ ಮ್ಯಾಲ ಬಾನೆಟ್ ತೆಗಿಬ್ಯಾಡ್ರಿ. ಕಾಂತೇಶಗೂ ಕೊಡಬ್ಯಾಡ್ರಿ. ಗಾಡಿ ಹಂಗೇ ಲಾರಿ ಮ್ಯಾಲ ಏರಿಸಿ ಸುರಪುರಕ್ಕ ಕಳಸ್ರಿ. ನೀವು ಸಂಗಡ ಬರೂ ಗರಜ ಇಲ್ಲ. ಎರಡು ದಿನದಾಗ ಸುಧಾರಿಸಿ ಕಳಸ್ತೀನಿ. ಶಿವರಾತ್ರಿಗೆ ಅವ್ವಾರು ಮಠಕ್ಕ ಹೋಗಿ ಬರಲಿ.

ಗಯಾಸ


ಯಾದಗಿರಿ
೩ ಫೆಬ್ರವರಿ ೨೦೨೫

ಗಯಾಸ ಚಾಚಾ,

ಎರಡು ವರ್ಷದ ನಂತರ ಹೀಗೆ ಕರೆಯುತ್ತಿದ್ದೇನೆ. ಕರೆಯುವ ಯೋಗ್ಯತೆ ನನಗಿಲ್ಲ.

ನೀವು ಅಷ್ಟು ಬೇಗ ಒಪ್ಪಿಕೊಂಡದ್ದೇ ನನ್ನನ್ನು ಚುಚ್ಚಿತು. ಮರೆತಿದ್ದರೆ ಬಾನೆಟ್ ತೆಗೆಯಬೇಡ ಎಂದೇಕೆ ಹೇಳುತ್ತೀರಿ? ನಿನ್ನೆ ಮುಂಜಾನೆ ತೆಗೆದೆ. ಈ ಮೊದಲು ಮುಟ್ಟದೆ ಬಿಟ್ಟಿದ್ದ ಮೇಲಿನ ದುಂಡು ಡಬ್ಬಿಯನ್ನು ಬಿಚ್ಚಿ ಪಕ್ಕಕ್ಕಿಟ್ಟು, ಮೊಬೈಲಿನ ಬೆಳಕು ಹಿಡಿದು ನೋಡಿದೆ. ಚೋಕಿನ ತಂತಿ ಸಿಗಬೇಕಾದಲ್ಲಿಯೇ ಸಿಕ್ಕಿತ್ತು. ನೀವು ಏನನ್ನೂ ಮರೆತಿರಲಿಲ್ಲ. ಚೋಕಿನ ಆ ಸಣ್ಣ ಕಡ್ಡಿಯನ್ನು ಪಕ್ಕದ ಮೊಳೆಗೆ ಸೇರಿಸಿ ಯಾರೋ ಮೂರು ಸುತ್ತು ದಾರ ಬಿಗಿದಿದ್ದರು. ಎಣ್ಣೆಗೆ ಕಪ್ಪಾಗಿದ್ದ ದಾರ. ಅದರ ನಡುವೆ ಒಣಗಿದ ಅರಿಷಿಣದ ಕೊಂಬು.

ಯಾರೋ ಅಲ್ಲ. ನಾನೇ.

ಪ್ರತಿ ವರ್ಷ ಅಪ್ಪನೇ ಗಾಡಿಗೆ ಪೂಜೆ ಮಾಡಿ ಸ್ಟೇರಿಂಗಿಗೆ ಕಂಕಣ ಕಟ್ಟುತ್ತಿದ್ದರು. ಆ ವರ್ಷ ಅಂಗಡಿಯಲ್ಲಿ ಪೂಜೆಯ ಮಂದಿ ಹೆಚ್ಚಿದ್ದರು. "ಈ ಸಲ ಗಾಡಿ ಪೂಜಿ ನೀನೇ ಮಾಡವ್ವ" ಎಂದು ಹೇಳಿ ಹೋದರು. ನನಗೆ ಎಷ್ಟು ಹಿಗ್ಗು! ಬಾನೆಟ್ ತೆಗೆದರೆ ನೀವು ತೊಳೆದಿಟ್ಟ ಕಾರ್ಬ್ಯುರೇಟರ್ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಇದು ಗಾಡಿಯ ಎದೆ ಎಂದು ಸಣ್ಣವಳಿದ್ದಾಗ ನೀವೇ ತೋರಿಸಿದ್ದಿರಿ. ಸ್ಟೇರಿಂಗಿಗೆ ಎಲ್ಲರೂ ಕಟ್ಟುತ್ತಾರೆ, ನಾನು ಎದೆಗೇ ಕಟ್ಟುತ್ತೇನೆ ಎಂದುಕೊಂಡೆ. ಡಬ್ಬಿಯ ಅಡಿಗೆ ಕೈ ತೂರಿಸಿ, ಬಿಚ್ಚಿ ಹೋಗಬಾರದೆಂದು ಮೂರು ಸುತ್ತು ಬಿಗಿದು ಗಂಟು ಹಾಕಿದೆ. ಮರುದಿನ ಅದೇ ಕಡ್ಡಿ ಅಲುಗಲಿಲ್ಲ.

ಎರಡು ವರ್ಷದಲ್ಲಿ ಇದು ನನಗೆ ಒಮ್ಮೆಯೂ ನೆನಪಾಗಲಿಲ್ಲ. ಅಪ್ಪನ ಕೊನೆಯ ಮಾತು, ನಿಮ್ಮ ಮುಖ, ಬೈದ ಬೈಗುಳ, ಎಲ್ಲ ನೆನಪಿತ್ತು. ದಾರ ಮಾತ್ರ ಇಲ್ಲ. ನಿಮ್ಮ ತಪ್ಪು ಎಂದು ನಂಬಿಕೊಂಡು ನಾನು ಊಟ ಮಾಡಿದೆ, ನಿದ್ದೆ ಮಾಡಿದೆ, ಮಕ್ಕಳಿಗೆ ಸತ್ಯ ಹೇಳಬೇಕು ಎಂದು ಪಾಠ ಮಾಡಿದೆ. ನಾಚಿಕೆಯಿಂದ ನಿನ್ನೆಯಿಂದ ಅವ್ವನ ಮುಖ ನೋಡಿಲ್ಲ. ತಲೆನೋವು ಎಂದು ಸುಳ್ಳು ಹೇಳಿ ಮಲಗಿದ್ದೇನೆ.

ನಿಮಗೆ ಮೊದಲೇ ಗೊತ್ತಿತ್ತು, ಅಲ್ಲವೇ? ಗುಂಡಿ ಸಡಿಲ ಎಂದು ಬರೆದ ದಿನವೇ? ಅದಕ್ಕೇ ಆ ಒಂದು ತಿಂಗಳು?

ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ. ಒಂದು ಗ್ಯಾರೇಜು ಮುಚ್ಚಿಸಿದ ಮೇಲೆ ಆ ಪದ ಎಲ್ಲಿ ಸಾಲುತ್ತದೆ?

ನಿಮ್ಮ
ಗುರುದೇವಿ


ಸುರಪುರ
೧೦ ಫೆಬ್ರವರಿ ೨೦೨೫

ಗುರುದೇವವ್ವಾ,

ನಿನ್ನ ಕಾಗದ ನಾಕು ಸಲ ಓದಿದೆ. ಮನಿಯಾಗ ಮುನಾವರ ಕೇಳಿದಳು, "ಅಬ್ಬಾ, ಯಾಕ ಅಳಾಕತ್ತಿ?" ಕಣ್ಣಾಗ ಪೆಟ್ರೋಲು ಬಿತ್ತು ಅಂದೆ. ಅಕಿ ನನ್ನ ಮಗಳು, ನಂಬಲಿಲ್ಲ.

ನಂಗ ಡಿಸೆಂಬರದಾಗ ಗೊತ್ತಾಗಿಲ್ಲವ್ವ. ದಸರಾದಾಗೇ ಗೊತ್ತಿತ್ತು. ನೀ ಒಂದು ಮಾತು ಬರದಿ, ನಾ ಎರಡು ವರ್ಷ ನುಂಗಿದ್ದು ಹೇಳ್ತೀನಿ. ಓದಿದ ಮ್ಯಾಲ ಚಾಚಾ ಅನ್ನೂದು ಬಿಟ್ರೂ ಬಿಡು.

ಆಯುಧ ಪೂಜಿ ದಿನ ಸಂಜಿಕ ನಾ ನಿಮ್ಮನಿಗೆ ಬಂದಿದ್ದೆ. ಪ್ರತಿ ವರ್ಷ ಸಾವಕಾರ್ರು ನನಗ ಅಂಗಿ ಬಟ್ಟಿ ಕೊಡ್ತಿದ್ರು, ಅದಕ್ಕ. ನೀ ಮಠಕ್ಕ ಹೋಗಿದ್ದಿ. ಸಾವಕಾರ್ರು ಆಗಷ್ಟೇ ಪ್ಯಾಟಿ ಸುತ್ತಿ ಬಂದಿದ್ರು, ಗಾಡಿ ಬಿಸಿ ಇತ್ತು. "ಗಯಾಸ, ಈ ಸಲ ಗಾಡಿ ಪೂಜಿ ನಮ್ಮ ಗುರುದೇವಿ ಮಾಡ್ಯಾಳ ನೋಡು. ನಿಂತಾಗ ಸಪ್ಪಳ ಜಾಸ್ತಿ ಮಾಡ್ತದ, ಜರಾ ಕಡಿಮಿ ಮಾಡು" ಅಂದು ಒಳಗ ಹೋದ್ರು. ಬಾನೆಟ್ ತೆಗದೆ. ದಾರ ಕಂಡಿತು. ಹಳದಿ ದಾರ, ಹೊಸಾದು. ಚೋಕ್ ಕಡ್ಡಿಗೆ ಬಿಗಿದದ, ಮುಂಜಾನಿ ಇದು ಏಳಂಗಿಲ್ಲ ಅಂತ ಅಲ್ಲೇ ತಿಳೀತು. ಪಕ್ಕಡ ಕೈಯಾಗಿತ್ತು. ಚುಕ್ ಅಂದ್ರ ಕತ್ತರಿಸಿ ಹೋಗ್ತಿತ್ತು.

ಕೈ ಮುಂದ ಹೋಗಲಿಲ್ಲ.

ಹಿಂದಿನ ವರ್ಷ ಬ್ಯಾರೆ ಒಬ್ಬರ ಟ್ರ್ಯಾಕ್ಟರಿಗೆ ಕಟ್ಟಿದ ನಿಂಬಿಹಣ್ಣು ಫ್ಯಾನಿಗೆ ಬಡೀತದ ಅಂತ ತೆಗೆದಿದ್ದೆ. "ನಮ್ಮ ಪೂಜಿ ಮುಟ್ಟಾಕ ನೀ ಯಾವನೋ" ಅಂತ ಅಂದ್ರು. ಆ ಮಾತು ಕಿವ್ಯಾಗ ಕುಂತಿತ್ತು. ಪೂಜಿ ದಾರ ಅದ, ಕಟ್ಟಿದ ದಿನಾನೇ ಕತ್ತರಿಸಿದ್ರ ಏನಂದಾರೋ ಅಂತ ಅಂಜಿದೆ. ನಾಳಿ ಬನ್ನಿ ಕೊಡಾಕ ಬಂದಾಗ ಸಾವಕಾರ್ರಿಗೆ ಹೇಳಿ ಅವರ ಕೈಲೇ ತೆಗಸಿದ್ರಾತು ಅಂದು ಬಾನೆಟ್ ಮುಚ್ಚಿದೆ. ಅಂಗಿ ಬಟ್ಟಿ ತಗೊಂಡು ಹೋದೆ.

ಇಪ್ಪತ್ತೆರಡು ವರ್ಷ ಆ ಮನಿ ಗಾಡಿ ನೋಡೀನಿ. ಆ ಮನಿಯಾಗ ಒಬ್ಬರೂ ಎಂದೂ ನನಗ ಹಂಗ ಮಾತಾಡಿಲ್ಲ. ಒಳಗ ಒಂದು ಕೂಗು ಹಾಕಿದ್ರ ಸಾವಕಾರ್ರು "ತೆಗಿಯೋ ಮಾರಾಯಾ, ಅದನ್ನೂ ಕೇಳ್ತಿ" ಅಂತಿದ್ರು. ನಾ ಕೂಗಲಿಲ್ಲ. ಯಾರೋ ಅಂದ ಮಾತಿಗೆ ಜಗದೇವಪ್ಪ ಸಾವಕಾರ್ರನ್ನೂ ಅಂಥವರೇ ಅಂತ ತಿಳಕೊಂಡೆ. ನನ್ನ ನಾಚಿಕಿ ಅದು. ಜೀವ ಹೋದದ್ದು ಒಂದು, ಅವರನ್ನ ಹಂಗ ತಿಳಕೊಂಡದ್ದು ಇನ್ನೊಂದು.

ಅಂಗಳದಾಗ ನೀ ಬೈದಾಗ ನಾ ಸುಮ್ಮನಿದ್ದದ್ದು ದೊಡ್ಡತನ ಅಂತ ತಿಳೀಬ್ಯಾಡ. ನೀ ಅಂದದ್ದು ಖರೇ ಅನಿಸಿತ್ತು, ಅದಕ್ಕ ಬಾಯಿ ಬರಲಿಲ್ಲ. ನಿನ್ನ ಹೆಸರು ಹೇಳಿದ್ರ ನನ್ನ ಹೆಸರೂ ಹೇಳಬೇಕಾಗ್ತಿತ್ತು. ಆ ಅಂಗಿ ಬಟ್ಟಿ ಇನ್ನೂ ಹೊಲಿಸಿಲ್ಲ.

ದಾರ ಕತ್ತರಿಸು. ತಂತಿ ಮ್ಯಾಲಿನ ಕೊಳವಿ ಹಿಡಿಯೂ ಸ್ಕ್ರೂ ಸಡಿಲ ಆಗ್ಯಾದ. ಕಡ್ಡಿ ಕಟ್ಟಿದ್ದಕ್ಕ ಕೊಳವಿನೇ ಜಾರಾಕತ್ತದ. ಅದನ್ನ ಬಿಗಿ ಮಾಡು. ಮುಂಜಾನಿ ಒಂದೇ ಸಲಕ್ಕ ಏಳ್ತದ. ಅವ್ವಾರಿಗೆ ದಾರದ ಸುದ್ದಿ ಹೇಳಬ್ಯಾಡ. ನಾ ಮರೆತಿದ್ದೆ ಅಂತನೇ ಇರಲಿ, ನನಗ ರೂಢಿ ಆಗ್ಯಾದ.

ಗಯಾಸ


ಯಾದಗಿರಿ
೧೭ ಫೆಬ್ರವರಿ ೨೦೨೫

ಗಯಾಸ ಚಾಚಾ,

ಚಾಚಾ ಅನ್ನುವುದನ್ನು ಬಿಡುವುದಿಲ್ಲ.

ನೀವು ಹೇಳಬೇಡ ಎಂದದ್ದನ್ನು ಹೇಳಿಬಿಟ್ಟೆ. ನಿಮ್ಮ ಪತ್ರ ಬಂದ ದಿನವೇ ಅವ್ವನ ಮುಂದೆ ಕುಳಿತು, ಎಲ್ಲ ಪತ್ರಗಳನ್ನೂ ಮೊದಲಿನಿಂದ ಓದಿ ಹೇಳಿದೆ. ಮುಗಿದ ಮೇಲೆ ಅವಳು ನನ್ನ ಬಲಗೈ ಎಳೆದು, ಗಂಟು ಹಾಕಿದ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ. "ಕಟ್ಟು ಅಂತ ದಾರ ಕೈಯಾಗ ಕೊಟ್ಟಾಕಿ ನಾನೇ" ಎಂದಳು. ಆಮೇಲೆ ಇಬ್ಬರೂ ಅತ್ತೆವು.

ಮರುದಿನ ಖಾಜಾಹುಸೇನರ ಅಂಗಡಿಗೆ ಹೋದೆ. ಆ ದಿನ ಅಂಗಳದಲ್ಲಿ ನಿಂತಿದ್ದವರಲ್ಲಿ ಐದಾರು ಮಂದಿ ಅಲ್ಲಿಯೇ ಚಹಾ ಕುಡಿಯುತ್ತಿದ್ದರು. ಅಂದು ಕೂಗಿದಷ್ಟೇ ದೊಡ್ಡ ಧ್ವನಿಯಲ್ಲಿ ಹೇಳಬೇಕು ಎಂದುಕೊಂಡಿದ್ದೆ, ಧ್ವನಿ ಬರಲಿಲ್ಲ. ಸಣ್ಣ ಧ್ವನಿಯಲ್ಲೇ, ದಾರ ಕಟ್ಟಿದವಳು ನಾನು, ಗಯಾಸ ಮೇಸ್ತ್ರಿಯ ಕೆಲಸದಲ್ಲಿ ಒಂದು ಸ್ಕ್ರೂ ತಪ್ಪಿರಲಿಲ್ಲ ಎಂದು ಹೇಳಿದೆ. ಒಬ್ಬರು, "ಹೋಗಲಿ ಬಿಡ್ರಿ ಟೀಚರ್, ಆದದ್ದು ಆತು" ಎಂದರು. ಖಾಜಾಹುಸೇನರು ಬಿಡಲಿಲ್ಲ. "ಆತು ಅಂತ ನೀವಂದ್ರ ಆಗ್ತದೇನ್ರಿ? ಗಯಾಸ ಊರು ಬಿಡೂ ದಿನ ಪಾನೆ ಪಕ್ಕಡದ ಚೀಲ ಹೊತ್ತು ಬಸ್ ಹತ್ತಿಸಿದಾಂವ ನಾನು" ಎಂದು ಹೇಳಿ ಟೈರಿನ ಕೆಲಸಕ್ಕೆ ಕುಳಿತರು. ನನಗೆ ಚಹಾ ಕೊಡಲಿಲ್ಲ. ಕೊಟ್ಟಿದ್ದರೆ ಕುಡಿಯಲು ಆಗುತ್ತಿರಲಿಲ್ಲ.

ನೀವು ಆ ಸಂಜೆ ಹೆದರಿದಿರಿ ಎಂದು ಬರೆದಿದ್ದೀರಿ. ಅಪ್ಪ ಅಂಥವರಲ್ಲ, ನಿಜ. ಆದರೆ ಮರುದಿನವೇ ಅದೇ ಅಂಗಳದಲ್ಲಿ ನಾನು ಏನು ಎಂಬುದನ್ನು ತೋರಿಸಿಬಿಟ್ಟೆ. ನೀವು ಹೆದರಿದ್ದು ಪೂರ್ತಿ ಸುಳ್ಳಲ್ಲ ಚಾಚಾ. ಇದನ್ನು ಬರೆಯುವಾಗ ಕಿವಿ ಸುಡುತ್ತಿದೆ.

ದಾರವನ್ನು ನಾನು ಕತ್ತರಿಸಿಲ್ಲ. ಕತ್ತರಿ ಹಿಡಿದು ಹೋಗಿದ್ದೆ, ಅವ್ವ ತಡೆದಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಕತ್ತರಿ ಕೆಳಗ ಇಡು. ಅದನ್ನ ಗಯಾಸನೇ ಕತ್ತರಸಬೇಕು. ನಾ ಎದುರು ನಿಂತಿರ್ತೀನಿ, ಯಾರು ಏನಂತಾರೋ ನೋಡೇ ಬಿಡ್ತೀನಿ."

ಅದಕ್ಕೇ ೨೫ರ ಮಂಗಳವಾರ ಮಧ್ಯಾಹ್ನ ಬರುತ್ತಿದ್ದೇವೆ. ಹೇಗೂ ಬಿಸಿಲಿನಲ್ಲಿ ಗಾಡಿ ಏಳುತ್ತದೆ. ಶಹಾಪುರದಲ್ಲಿ ನಿಲ್ಲುವುದಿಲ್ಲ, ನಿಂತು ಆರಿದರೆ ಮತ್ತೆ ಏಳುವುದೋ ಇಲ್ಲವೋ. ಆ ರಾತ್ರಿ ನಿಮ್ಮ ಮನೆಯಲ್ಲೇ ಉಳಿಯುತ್ತೇವೆ, ಮುನಾವರಗೆ ಹೇಳಿ. ಅವ್ವ ರೊಟ್ಟಿ ಕಟ್ಟಿಕೊಳ್ಳುತ್ತಾಳಂತೆ, ನಿಮಗೂ ಸೇರಿಸಿ. ಮರುದಿನ ಶಿವರಾತ್ರಿ. ಹೊತ್ತು ಮೂಡುವ ಮೊದಲು, ಥಂಡಿಯಲ್ಲಿ, ಒಂದೇ ಸಲಕ್ಕೆ ಅದು ಏಳುವುದನ್ನು ನಿಮ್ಮ ಬಾಗಿಲಲ್ಲೇ ನಿಂತು ನೋಡಿ, ಅಲ್ಲಿಂದಲೇ ಮಠಕ್ಕೆ ಹೊರಡಬೇಕು ಎಂಬುದು ಅವ್ವನ ಆಸೆ.

ಅಂಗಿ ಹೊಲಿಸಿ ಹಾಕಿಕೊಂಡಿರಿ. ಕೀಲಿ ನಾನು ತಿರುಗಿಸುವುದಿಲ್ಲ. ನೀವೇ ತಿರುಗಿಸಬೇಕು.

ಗುರುದೇವಿ